ಕಳಸದ ಮುಂದಿನ ಕತ್ತಿಗೆ ನಿಕ್ಕಲ್ ಹೊಳಪು ಬೇಕೇ?

ಗಂಗಾವಳಿ ದಂಡೆ:
ಅಂಕೋಲೆ ತಾಲೂಕಿನ ನಮ್ಮೂರಲ್ಲಿ ಗ್ರಾಮದೇವಿಯ ಗುಡಿ ಜೀರ್ಣೋದ್ಧಾರ ನಡೆದಿದೆ. ಬಂಡಿಹಬ್ಬದಲ್ಲಿ ಕಳಸ ಎದ್ದಾಗ ಅದರ ಮುಂದೆ ಒಂದು ಕತ್ತಿ ಹಿಡಿದು ನಡೆಯುವ ಕ್ರಮ ಇದೆ. ಆ ಕತ್ತಿ ವರ್ಷವಿಡೀ ನಮ್ಮ ಮನೆಯ ದೇವರ ಕೋಣೆಯಲ್ಲಿರುತ್ತದೆ, ಹಬ್ಬದ ದಿನ ದೇವಿಯ ಪೂಜಾರಿ ಗುನಗರಿಗೆ ಒಪ್ಪಿಸುತ್ತೇವೆ. ಈಗ ಸಮಿತಿಯವರು ಹೇಳುವುದು: ಪುನಃಪ್ರತಿಷ್ಠೆಯ ಹೊತ್ತಿಗೆ ಕತ್ತಿಯನ್ನೂ ಹೊಸದು ಮಾಡಬೇಕು. ಉಜ್ಜಿ, ನಿಕ್ಕಲ್ ಹಾಕಿಸಿ, ಮೊಂಡಾಗಿರುವ ತುದಿಗೆ ಚೂಪು ಕೊಡಿಸಿ, "ಮೊದಲು ಹೇಗಿತ್ತೋ ಹಾಗೆ" ಮಾಡಬೇಕಂತೆ.

ಕತ್ತಿಯ ಫೋಟೋ ಹಾಕಿದ್ದೇನೆ, ವಿವರ ಇಷ್ಟು. ನೆಟ್ಟಗಿನ ಅಲಗು, 32 ಇಂಚು. ಹಿಡಿಯ ಹತ್ತಿರ ಒಂದೂವರೆ ಇಂಚು ಅಗಲ. ಹಿಡಿಯಿಂದ ಹೊರಟ ಮೂರು ಸಣ್ಣ ತೋಡುಗಳು ಮೂರನೇ ಒಂದು ಭಾಗಕ್ಕೇ ನಿಂತಿವೆ. ತೋಡಿನ ಪಕ್ಕ ಎದುರುಬದುರು ಎರಡು ಅರ್ಧಚಂದ್ರ, ಒಳಮೈಯಲ್ಲಿ ಗರಗಸದಂತೆ ಸಣ್ಣ ಹಲ್ಲುಗಳು. ಹಿಡಿ ನಮ್ಮ ಕಡೆಯದೇ, ಬೆರಳು ಮುಚ್ಚುವ ಬುಟ್ಟಿಯಾಕಾರದ ಕಬ್ಬಿಣದ ಪಟ್ಟಿ ಅರ್ಧ ಉಳಿದಿದೆ, ಇನ್ನರ್ಧ ಯಾರೋ ಕೊಯ್ದು ತೆಗೆದಿದ್ದಾರೆ. ಹಿಡಿಯ ಬುಡದಲ್ಲಿ ಇರಬೇಕಾದ ಮುಳ್ಳು ಇಲ್ಲ, ಅದರ ಜಾಗದಲ್ಲಿ ಹಿತ್ತಾಳೆಯ ಉಂಗುರ, ಉಂಗುರಕ್ಕೆ ಐದು ಗೆಜ್ಜೆ. ತುದಿ ಬೆರಳಿನಷ್ಟು ಮೊಂಡು. ಮನೆಯಲ್ಲಿ ಹೇಳಿಕೊಂಡು ಬಂದ ಮಾತು, ಘಟ್ಟದ ಮೇಲಿನ ಸೋಂದೆ ಸಂಸ್ಥಾನದ ಅರಸರು ನಮ್ಮ ಹಿರಿಯರಿಗೆ ಕೊಟ್ಟ ಕತ್ತಿ ಇದು, ಬ್ರಿಟಿಷರು ತುದಿ ಮುರಿಸಿದರು ಎಂದು.

ನಿಮಗೆಲ್ಲ ಏನನ್ನಿಸುತ್ತದೆ? ಸಮಿತಿಯಲ್ಲಿ ನಾನೊಬ್ಬನೇ ಬೇಡ ಎನ್ನುತ್ತಿರುವವನು.

ಊರ ಹುಡುಗ:
ನಾನೂ ಅದೇ ಸಮಿತಿಯವನು, ಹಾಗಾಗಿ ಎರಡೂ ಕಡೆಯ ಮಾತು ಬರಲಿ. ಅಣ್ಣಾ, ಕತ್ತಿ ನಿಮ್ಮ ಮನೆಯಲ್ಲಿರುತ್ತದೆ, ಆದರೆ ಅದು ದೇವಿಯ ಆಭರಣ. ಗುಡಿಯ ಹಂಚು ತೆಗೆದು ತಾಮ್ರದ ಹೊದಿಕೆ ಹಾಕುವಾಗ ಯಾರೂ ಇತಿಹಾಸ ಹೋಯಿತು ಎನ್ನಲಿಲ್ಲ. ಪಲ್ಲಕ್ಕಿಗೆ ಹೊಸ ಬೆಳ್ಳಿ ಬಂತು. ಕತ್ತಿ ಒಂದೇ ತುಕ್ಕು ಹಿಡಿದ ಹಾಗೆ ಕಂಡರೆ ಊರಿಗೆ ಶೋಭೆಯೇ? ಹೋದ ವರ್ಷ ವೀಡಿಯೋ ನೋಡಿದ ಮುಂಬೈ ಕಡೆಯ ನಮ್ಮವರು "ಇದೇನು ಹುಲ್ಲು ಕೊಯ್ಯುವ ಕತ್ತಿಯಾ" ಎಂದು ಕೇಳಿದ್ದರು. ನಾಚಿಕೆಯಾಗಿತ್ತು.

ಸೋಂದೆ ಕಡೆಯವ:
ಶಿರಸಿಯಿಂದ ಬರೆಯುತ್ತಿದ್ದೇನೆ. ಮೊದಲು ಅರಸರ ವಿಷಯ. ನಮ್ಮ ಘಟ್ಟದ ಮೇಲೆ ಯಾವ ಮನೆಯ ಅಟ್ಟ ಹತ್ತಿದರೂ ಒಂದು ಕಬ್ಬಿಣದ ತುಂಡು ಸಿಗುತ್ತದೆ, ಅದನ್ನು ಸೋಂದೆ ಅರಸರೇ ಕೊಟ್ಟಿರುತ್ತಾರೆ! ಅಷ್ಟು ಕತ್ತಿ ಹಂಚಿದ್ದರೆ ಅವರ ಬಳಿ ಹೈದರನನ್ನು ತಡೆಯಲು ಒಂದೂ ಉಳಿಯುತ್ತಿರಲಿಲ್ಲ.

ಹಾಗಂತ ನಿಮ್ಮ ಮನೆಯ ಮಾತು ಅಸಾಧ್ಯವೇನೂ ಅಲ್ಲ. ಸೋಂದೆಯವರ ಕೈ ಕರಾವಳಿಯವರೆಗೂ ಚಾಚಿತ್ತು. ಕಾಳಿ ನದಿಯ ಬಾಯಲ್ಲಿರುವ ಸದಾಶಿವಗಡ, ಬಸವಲಿಂಗ ನಾಯಕ ತನ್ನ ತಂದೆ ಸದಾಶಿವನ ಹೆಸರಲ್ಲಿ ಕಟ್ಟಿಸಿದ ಕೋಟೆ. 1763ರಲ್ಲಿ ಬಿದನೂರು ಹೈದರನ ಕೈಸೇರಿದ ಮೇಲೆ ಸೋಂದೆಯ ಸರದಿಯೂ ಬಂತು. ಅರಸನ ಮನೆತನ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯದಲ್ಲಿ ಫೋಂಡಾ ಕಡೆಯ ಬಾಂದೋಡೆಯಲ್ಲಿ ನೆಲೆಸಿತು. ಅರಸರು ಹೋದರು, ಅವರ ಕೈಕೆಳಗೆ ಗಡಿ ಕಾಯುತ್ತಿದ್ದ ಮನೆಗಳು ಇಲ್ಲೇ ಉಳಿದವು. ಕತ್ತಿ ಮನೆಯ ಗೋಡೆಯಿಂದ ದೇವರ ಕೋಣೆಗೆ ದಾಟುವುದು ಇಂಥ ಹೊತ್ತಿನಲ್ಲೇ. ಒಡೆಯನಿಲ್ಲದ ಮೇಲೆ ಕತ್ತಿಗೆ ದೇವಿಯೇ ಒಡತಿ.

ಆದರೆ ಇದು ನನ್ನ ಊಹೆಯ ಸಾಲು. ಅಲಗಿನ ಮೇಲೆ ಅರಸರ ಮುದ್ರೆ, ಅಕ್ಷರ ಏನಾದರೂ ಇದೆಯಾ?

ಗಂಗಾವಳಿ ದಂಡೆ:
ಅಕ್ಷರ ಇಲ್ಲ. ಹಲ್ಲಿನ ಅರ್ಧಚಂದ್ರ ಮಾತ್ರ.

ಕುಲುಮೆ:
ಕುಮಟಾ ಕಡೆ ನಮ್ಮದು ಆಚಾರಿಕೆ. ಈಗ ಹೆಚ್ಚಿನ ಕೆಲಸ ಗೇಟು, ಗ್ರಿಲ್ಲು. ಕತ್ತಿ ಮಾಡಿದರೂ ಲಾರಿಯ ಸ್ಪ್ರಿಂಗ್ ಪ್ಲೇಟಿನಲ್ಲಿ. ಆದರೂ ಹಳೆಯ ಅಲಗು ಕೈಗೆ ಬಂದಾಗ ಕೆಲಸ ನಿಲ್ಲಿಸಿ ನೋಡುವವನು ನಾನು.

ಫೋಟೋ ನೋಡಿದೆ. ನೆಟ್ಟಗಿನ ಅಲಗು, ಗಿಡ್ಡ ಮೂರು ತೋಡು, ಹಲ್ಲಿನ ಅರ್ಧಚಂದ್ರ. ಈ ಮೂರೂ ಒಟ್ಟಿಗೆ ಇದ್ದರೆ ಮೊದಲು ಯುರೋಪಿನ ಅಲಗು ಎಂದು ಅನುಮಾನ ಪಡಬೇಕು. ಆ ಅರ್ಧಚಂದ್ರ ಉತ್ತರ ಇಟಲಿಯ ಕಮ್ಮಾರರು ಹೊಡೆಯುತ್ತಿದ್ದ ಗುರುತು. 16, 17ನೇ ಶತಮಾನದಲ್ಲಿ ಇಟಲಿ, ಜರ್ಮನಿಯ ಅಲಗುಗಳು ಹಡಗಿನಲ್ಲಿ ರಾಶಿ ರಾಶಿ ಬಂದವು, ಹಿಡಿಯಿಲ್ಲದೆ ಬರೀ ಅಲಗಾಗಿ. ಇಲ್ಲಿಯವರು ತಮ್ಮ ಕೈಗೆ ಒಗ್ಗುವ ಹಿಡಿ ಹಾಕಿಕೊಂಡರು. ಮರಾಠರು ಅಂಥದನ್ನು ಫಿರಂಗಿ, ಅಂದರೆ ಯುರೋಪಿನವರದು, ಎಂದೇ ಕರೆಯುತ್ತಿದ್ದರು.

ಹಿಡಿಯಿಂದ ಎರಡು ಉದ್ದ ನಾಲಿಗೆ ಹೊರಟು ಅಲಗನ್ನು ಎರಡೂ ಬದಿಯಿಂದ ಕಚ್ಚಿ ಹಿಡಿದಿರಬೇಕು, ಅಡ್ಡ ಮೊಳೆ ಹೊಡೆದಿರಬೇಕು. ಬಾಗಿದ ತಲವಾರಿನಲ್ಲಿ ಹಾಗಲ್ಲ, ಅಲ್ಲಿ ಅಲಗಿನ ಬಾಲವನ್ನು ಹಿಡಿಯ ಟೊಳ್ಳಿಗೆ ತೂರಿಸಿ ಅರಗು ಹೊಯ್ದು ಕೂರಿಸುತ್ತಾರೆ. ನಿಮ್ಮದರಲ್ಲಿ ಎಷ್ಟು ಮೊಳೆ, ಯಾವ ಲೋಹ, ಒಮ್ಮೆ ನೋಡಿ ಹೇಳಿ.

ಹಳೆಸಾಮಾನು:
ಅಣ್ಣಾ ಕತ್ತಿ ಕೊಡುವ ಮನಸ್ಸಿದ್ದರೆ ಹೇಳಿ. ಒಳ್ಳೆ ಗಿರಾಕಿ ಇದ್ದಾರೆ, ದುಬೈ ಪಾರ್ಟಿ. ಅದೇ ದುಡ್ಡಲ್ಲಿ ದೇವಿಗೆ ಬೆಳ್ಳಿ ಕತ್ತಿ ಮಾಡಿಸಬಹುದು.

ಹಳೇ ಠಾಣೆ:
ದುಬೈ ಪಾರ್ಟಿಯವರೇ, 1972ರ ಪುರಾತನ ವಸ್ತು ಕಾಯ್ದೆ ಒಮ್ಮೆ ಓದಿಕೊಳ್ಳಿ. ನೂರು ವರ್ಷ ದಾಟಿದ ವಸ್ತುವನ್ನು ದೇಶದ ಹೊರಗೆ ಕಳಿಸುವ ಅಧಿಕಾರ ಇರುವುದು ಕೇಂದ್ರ ಸರ್ಕಾರಕ್ಕೆ, ಅದು ಒಪ್ಪಿದ ಸಂಸ್ಥೆಗೆ. ದೇಶದೊಳಗೆ ಅಂಥ ವ್ಯಾಪಾರ ಮಾಡಲಿಕ್ಕೂ ಪರವಾನಗಿ ಬೇಕು. ಪೊಲೀಸ್ ಇಲಾಖೆಯಲ್ಲಿದ್ದು ನಿವೃತ್ತನಾದವನು ನಾನು, ಬರೀ ಹೆದರಿಸಲು ಹೇಳುತ್ತಿಲ್ಲ.

ಗಂಗಾವಳಿ ದಂಡೆ:
ಮಾರುವ ಮಾತೇ ಇಲ್ಲ, ದಯವಿಟ್ಟು ಆ ವಿಷಯ ಬೇಡ.

ಕುಲುಮೆಯವರೇ, ಒಂದು ಬದಿಯ ನಾಲಿಗೆಯಲ್ಲಿ ನಾಲ್ಕು ಮೊಳೆ. ಮೂರು ಕಬ್ಬಿಣ, ಒಂದು ತಾಮ್ರ. ತಾಮ್ರದ್ದು ಸ್ವಲ್ಪ ದೊಡ್ಡದು, ತಲೆ ಒರಟು.

ಕುಲುಮೆ:
ಹಾಗಾದರೆ ಹಿಡಿ ಒಮ್ಮೆ ಸಡಿಲಾಗಿ ಯಾರೋ ಊರಿನಲ್ಲೇ ಕೂರಿಸಿದ್ದಾರೆ. ತಾಮ್ರ ತಣ್ಣಗಿದ್ದಾಗಲೇ ಬಡಿದು ಕೂರಿಸಬಹುದು, ಅಲಗಿಗೆ ಬೆಂಕಿ ತೋರಿಸಬೇಕಿಲ್ಲ. ಹದ ಕೆಡಬಾರದು ಎಂದು ತಿಳಿದವನೇ ಮಾಡಿದ ಕೆಲಸ. ನಮ್ಮವನೇ ಇರಬೇಕು.

ಕಾಳಿ ತೀರ:
ಕಾರವಾರದವಳು, ರಸಾಯನಶಾಸ್ತ್ರ ಓದಿಸುತ್ತೇನೆ. ಇತಿಹಾಸ ನನ್ನ ಕ್ಷೇತ್ರವಲ್ಲ, ಆದರೂ ಒಂದು ಎಚ್ಚರಿಕೆ: ಗುರುತು ನೋಡಿ ಊರು ಹೇಳಬೇಡಿ. ಆ ಹಲ್ಲಿನ ಅರ್ಧಚಂದ್ರ ಎಷ್ಟು ಹೆಸರಾಗಿತ್ತೆಂದರೆ ಜರ್ಮನಿಯವರೂ ಹೊಡೆದರು, ಕಾಕಸಸ್ ಬೆಟ್ಟದವರೂ ಹೊಡೆದರು, ಭಾರತದ ಕಮ್ಮಾರರೂ ಹೊಡೆದರು. ಇವತ್ತು ಬ್ರ್ಯಾಂಡ್ ಹೆಸರಿನ ನಕಲಿ ಬೂಟು ಮಾರುವುದು ಹೊಸ ಬುದ್ಧಿಯೇನಲ್ಲ.

ನಿಕ್ಕಲ್ ವಿಷಯಕ್ಕೆ ಬರುತ್ತೇನೆ. ಪ್ಲೇಟಿಂಗ್ ಎಂದರೆ ಮೇಲಿಂದ ಬಣ್ಣ ಬಳಿದ ಹಾಗೆ ಎಂದು ಸಮಿತಿಯವರು ತಿಳಿದಿದ್ದರೆ, ಅಲ್ಲ. ಮೊದಲು ಬಫಿಂಗ್ ಚಕ್ರಕ್ಕೆ ಹಿಡಿದು ಮೇಲ್ಮೈ ನುಣುಪಾಗುವವರೆಗೆ ಲೋಹ ತೆಗೆಯುತ್ತಾರೆ. ಆ ಅರ್ಧಚಂದ್ರದ ಹಲ್ಲುಗಳ ಆಳ ಎಷ್ಟಿರಬಹುದು? ಕೂದಲೆಳೆಯಷ್ಟು. ಚಕ್ರದ ಮುಂದೆ ಅವು ಉಳಿಯುವುದಿಲ್ಲ. ಆಮೇಲೆ ಆಮ್ಲದಲ್ಲಿ ಅದ್ದುತ್ತಾರೆ. ಹದ ಮಾಡಿದ ಗಟ್ಟಿ ಉಕ್ಕು ಆಮ್ಲದಲ್ಲೂ ಪ್ಲೇಟಿಂಗ್ ತೊಟ್ಟಿಯಲ್ಲೂ ಹೈಡ್ರೋಜನ್ ಹೀರಿಕೊಳ್ಳುತ್ತದೆ, ಅದರಿಂದ ಒಳಗೊಳಗೇ ಪೆಡಸಾಗುತ್ತದೆ. ಕೈಗಾರಿಕೆಯಲ್ಲಿ ಇದನ್ನು ಬಿಡಿಸಲು ಪ್ಲೇಟಿಂಗ್ ಆದ ಕೂಡಲೇ ಗಂಟೆಗಟ್ಟಲೆ ಒಲೆಯಲ್ಲಿ ಬಿಸಿ ಇಡುತ್ತಾರೆ. ಪಾತ್ರೆಗೆ ನಿಕ್ಕಲ್ ಹಾಕುವ ಅಂಗಡಿಯಲ್ಲಿ ಅದೆಲ್ಲ ನಡೆಯುವುದಿಲ್ಲ. ಹೊರಗೆ ಫಳಫಳ, ಒಳಗೆ ಬಿರುಕಿಗೆ ಕಾದ ಅಲಗು.

ಇನ್ನು ಕಡಲ ಗಾಳಿ. ನಿಕ್ಕಲ್ ಪದರದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಉಪ್ಪಿನ ತೇವ ಅಲ್ಲಿಂದ ಒಳಗಿಳಿದು ಕೆಳಗಿನ ಕಬ್ಬಿಣವನ್ನು ತಿನ್ನುತ್ತದೆ. ಪದರ ಇರುವುದರಿಂದ ಹೊರಗೆ ಕಾಣುವುದೂ ಇಲ್ಲ, ಕಂಡಾಗ ಚಕ್ಕೆ ಎದ್ದಿರುತ್ತದೆ.

ಊರ ಹುಡುಗ:
ಮೇಡಂ, ರಸಾಯನಶಾಸ್ತ್ರ ಒಪ್ಪಿದೆ. ಹಾಗಾದರೆ ತುಕ್ಕು ಹಾಗೇ ಇರಲಿ ಎನ್ನುತ್ತೀರಾ?

ಕಾಳಿ ತೀರ:
ಎರಡು ಬಗೆ ಇದೆ. ಕಪ್ಪಾಗಿ, ಗಟ್ಟಿಯಾಗಿ ಅಂಟಿಕೊಂಡಿರುವ ಪದರ ಕಬ್ಬಿಣಕ್ಕೆ ಕವಚ, ಅದನ್ನು ಮುಟ್ಟಬಾರದು. ಕಿತ್ತಳೆ ಬಣ್ಣದ, ಬೆರಳಿಗೆ ಹತ್ತುವ ಪುಡಿ ಮಾತ್ರ ನಡೆಯುತ್ತಿರುವ ರೋಗ. ಆ ಜಾಗಕ್ಕಷ್ಟೇ ಎಣ್ಣೆ ಹಚ್ಚಿ ನೆನೆಸಿ, ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಹುಣಸೆಹಣ್ಣು, ಲಿಂಬೆ, ಎಮರಿ ಕಾಗದ ಯಾವುದೂ ಬೇಡ. ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿಸಿ, ತೆಳ್ಳಗೆ ಮೇಣ ಹಚ್ಚಿ. ವಸ್ತುಸಂಗ್ರಹಾಲಯಗಳಲ್ಲಿ ಮೈಕ್ರೋಕ್ರಿಸ್ಟಲೈನ್ ಎಂಬ ಮೇಣ ಬಳಸುತ್ತಾರೆ. ಅದು ಸಿಗದಿದ್ದರೆ ಹೊಲಿಗೆ ಯಂತ್ರದ ಎಣ್ಣೆಯೂ ಆದೀತು, ಆದರೆ ತಿಂಗಳಿಗೊಮ್ಮೆ ಒರೆಸಿ ಮತ್ತೆ ಹಚ್ಚಬೇಕು.

ಕೆಂಪು ಮಖಮಲ್ಲಿನ ಚೀಲದಲ್ಲಿ ಸುತ್ತಿಟ್ಟಿದ್ದೀರಾ? ಹಾಗಿದ್ದರೆ ತೆಗೆಯಿರಿ. ಮಳೆಗಾಲದಲ್ಲಿ ಬಟ್ಟೆ ಹೀರಿದ ತೇವ ಅಲ್ಲೇ ನಿಲ್ಲುತ್ತದೆ. ಚರ್ಮದ ಒರೆ ಇನ್ನೂ ಕೆಟ್ಟದ್ದು, ಹದ ಮಾಡಿದ ಚರ್ಮದಲ್ಲಿ ಆಮ್ಲದ ಅಂಶ ಇರುತ್ತದೆ.

ಗಂಗಾವಳಿ ದಂಡೆ:
ಮಖಮಲ್ಲೇ. ಅಮ್ಮ ಹೊಲಿದದ್ದು. ಹೇಗೆ ಹೇಳಲಿ ಅವರಿಗೆ…

ಕುಲುಮೆ:
ನಮ್ಮ ಹಿರಿಯರು ಹೊನ್ನೆ ಎಣ್ಣೆ ಹಚ್ಚುತ್ತಿದ್ದರು. ದೋಣಿಗೆ ಹಚ್ಚುವ ಎಣ್ಣೆ, ಉಪ್ಪು ನೀರಿಗೇ ಜಗ್ಗುವುದಿಲ್ಲ. ತೆಂಗಿನೆಣ್ಣೆ ಮಾತ್ರ ಬೇಡ, ಕನರಿ ಅಂಟಾಗುತ್ತದೆ, ಆ ಅಂಟಿಗೆ ಧೂಳು ಕೂರುತ್ತದೆ.

ಸೋಂದೆ ಕಡೆಯವ:
ಎಣ್ಣೆ ಬಿಟ್ಟು ತುದಿಯ ವಿಷಯಕ್ಕೆ ಬರೋಣ, ನನಗೆ ಅದೇ ಕುತೂಹಲ. ಬ್ರಿಟಿಷರು ಮುರಿಸಿದರು ಎಂಬ ಮಾತಿಗೆ ಹಿನ್ನೆಲೆ ಇಲ್ಲದಿಲ್ಲ. 1858ರ ಸುಮಾರಿಗೆ ಸೂಪಾ ಕಾಡಿನಲ್ಲಿ ಸಾವಂತರು, ಸಿದ್ದಿ ಬಸ್ತ್ಯಾಂವ ಬಂಡೆದ್ದಿದ್ದರು. ಆ ದಶಕದಲ್ಲಿ ದೇಶದ ತುಂಬ ಆಯುಧ ಕಿತ್ತುಕೊಳ್ಳುವ ಕಾಯ್ದೆಗಳು ಬಂದವು. 1878ರಲ್ಲಿ ಗಟ್ಟಿಯಾದ ಶಸ್ತ್ರಾಸ್ತ್ರ ಕಾಯ್ದೆ. ಕೊಡವರಂಥ ಕೆಲವರಿಗೆ ವಿನಾಯಿತಿ ಸಿಕ್ಕಿತು, ಕೊಡವರದ್ದು ಇವತ್ತಿಗೂ ಬೇರೆ ರೂಪದಲ್ಲಿ ಮುಂದುವರಿದಿದೆ; 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿದರು. ಉಳಿದವರು ಕತ್ತಿ ಇಟ್ಟುಕೊಳ್ಳಲು ಕಾರಣ ಹುಡುಕಬೇಕಾಯಿತು. "ಇದು ಆಯುಧವಲ್ಲ ಸಾಹೇಬರೇ, ದೇವರ ಸಾಮಾನು" ಎನ್ನುವುದಕ್ಕಿಂತ ಒಳ್ಳೆಯ ಕಾರಣ ಯಾವುದು? ತುದಿ ಮೊಂಡು ಮಾಡಿ, ಗೆಜ್ಜೆ ಕಟ್ಟಿದರೆ ಆಯಿತು. ಗೆಜ್ಜೆ ಕಟ್ಟಿದ ಕತ್ತಿಯಿಂದ ಯಾರೂ ಕದ್ದು ಕೊಲ್ಲಲಾರರು.

ಗೆಜ್ಜೆ ಕಟ್ಟದ ಕತ್ತಿಗಳ ಗತಿ ನೋಡಿ. 1855ರಲ್ಲಿ ತಂಜಾವೂರಿನ ಅರಸೊತ್ತಿಗೆ ಮುಗಿದ ಮೇಲೆ ಅಲ್ಲಿನ ಆಯುಧಶಾಲೆ ಬ್ರಿಟಿಷರ ವಶವಾಯಿತು. ಕೆಲವನ್ನು ಆರಿಸಿ ಮದ್ರಾಸಿನ ವಸ್ತುಸಂಗ್ರಹಾಲಯಕ್ಕೆ ಕಳಿಸಿದರು, ಉಳಿದದ್ದರ ಬಹುಪಾಲು ಗುಜರಿ ಲೋಹ.

ಹಳೇ ಠಾಣೆ:
ಕಥೆ ಚೆನ್ನಾಗಿದೆ, ಆದರೆ ಒಂದು ಮಾತು. ಆಗಿನ ಅಧಿಕಾರಿಗಳು ಕತ್ತಿ ಹಿಡಿದರೆ ಜಪ್ತಿ ಮಾಡುತ್ತಿದ್ದರು. ತುದಿಯಷ್ಟೇ ಕತ್ತರಿಸಿ ವಾಪಸು ಕೊಡುವಷ್ಟು ಪುರುಸೊತ್ತು ಅವರಿಗೆ ಇತ್ತೆಂದು ನನಗನ್ನಿಸುವುದಿಲ್ಲ. ಮನೆಯವರೇ ಮಾಡಿಕೊಂಡರು ಎಂದರೆ ನಂಬಬಹುದು.

ಇವತ್ತಿನ ಕಾನೂನೂ ಕೇಳಿಕೊಳ್ಳಿ, ಯಾಕೆಂದರೆ ತುದಿ ಚೂಪು ಮಾಡುವ ಮಾತು ಬಂದಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಅಡಿಯ 2016ರ ನಿಯಮಗಳಲ್ಲಿ ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲದ ಅಲಗು ಆಯುಧದ ಪಟ್ಟಿಯಲ್ಲಿದೆ. ಮನೆ, ಬೇಸಾಯ, ಕೈಗಾರಿಕೆಗೆಂದೇ ಮಾಡಿದ್ದಕ್ಕೆ ವಿನಾಯಿತಿ. ಪಟ್ಟಿಯಲ್ಲಿರುವ ಅಲಗಿಗೆ ಪರವಾನಗಿ ಬೇಕಾಗುವುದು ಸರ್ಕಾರ ಕಲಂ 4ರಲ್ಲಿ ಅಧಿಸೂಚನೆ ಹೊರಡಿಸಿದ ಪ್ರದೇಶದಲ್ಲಿ. ದೇವರ ಮೆರವಣಿಗೆಯ ಮೊಂಡು ಕತ್ತಿಯನ್ನು ಯಾವ ಠಾಣೆಯವರೂ ಕೆದಕಲು ಹೋಗುವುದಿಲ್ಲ. ಅದಕ್ಕೇ ಹೊಸದಾಗಿ ಚೂಪು ಕೊಟ್ಟು, ಬಾಯಿ ಹಿಡಿಸಿ, ವೀಡಿಯೋ ಹಾಕಿದರೆ ನೋಡುವ ಕಣ್ಣು ಬೇರೆಯಾಗುತ್ತದೆ. ಯಾಕೆ ಬೇಕು ಆ ಉಸಾಬರಿ?

ಊರ ಹುಡುಗ:
ಸರಿ, ಎಲ್ಲರೂ ಒಂದೇ ಕಡೆ ನಿಂತಿರಿ. ನನ್ನದೊಂದು ಪ್ರಶ್ನೆ, ಯಾರು ಬೇಕಾದರೂ ಉತ್ತರಿಸಿ.

ಇಟಲಿಯೋ ಜರ್ಮನಿಯೋ ಯಾರೋ ಅಲಗು ಮಾಡಿದರು. ಇಲ್ಲಿಯವರು ಅದರ ಹಿಡಿ ಬದಲಿಸಿದರು. ಯಾರೋ ಬುಟ್ಟಿಯ ಅರ್ಧ ಕೊಯ್ದರು. ಯಾರೋ ಮುಳ್ಳು ತೆಗೆದು ಗೆಜ್ಜೆ ಹಾಕಿದರು. ಯಾರೋ ತುದಿ ಮೊಂಡು ಮಾಡಿದರು, ಮತ್ತೊಬ್ಬರು ತಾಮ್ರದ ಮೊಳೆ ಹೊಡೆದರು. ಪ್ರತಿಯೊಬ್ಬರೂ ತಮ್ಮ ಕಾಲಕ್ಕೆ ಬೇಕಾದಂತೆ ಮಾಡಿಕೊಂಡರು, ಅವರನ್ನೆಲ್ಲ ನೀವು ಇತಿಹಾಸ ಎಂದು ಹೊಗಳುತ್ತಿದ್ದೀರಿ. ನಾವು ನಿಕ್ಕಲ್ ಹಾಕಿದರೆ ಮಾತ್ರ ಅಪರಾಧ. ಅಜ್ಜನ ಕಾಲಕ್ಕೇ ಗಡಿಯಾರ ನಿಲ್ಲಿಸಿಬಿಡಬೇಕಾ? ನಮಗೆ ಆ ಹಕ್ಕಿಲ್ಲವಾ?

ಗಂಗಾವಳಿ ದಂಡೆ:
ಇದಕ್ಕೆ ನನ್ನಲ್ಲಿ ಉತ್ತರ ಇಲ್ಲ, ಸಭೆಯಲ್ಲೂ ಇರಲಿಲ್ಲ.

ಸೋಂದೆ ಕಡೆಯವ:
ಒಳ್ಳೆಯ ಪ್ರಶ್ನೆ ತಮಾ. ಆದರೆ ನೀವು ಕೇಳುತ್ತಿರುವುದು ಎರಡು ಬೇರೆ ಬೇರೆ ವಸ್ತು. "ನಮ್ಮ ಕಾಲಕ್ಕೆ ಬೇಕಾದಂತೆ" ಎನ್ನುವುದು ಒಂದು, ಸಮಿತಿ ಹೇಳಿದ "ಮೊದಲು ಹೇಗಿತ್ತೋ ಹಾಗೆ" ಎನ್ನುವುದು ಇನ್ನೊಂದು. ಎರಡನೆಯದು ನನಗೆ ಒಪ್ಪಿಗೆಯಿಲ್ಲ. ಮೊದಲು ಎಂದರೆ ಯಾವ ಮೊದಲು? ಅಲಗು ಹಡಗಿನಿಂದ ಇಳಿದಾಗಲಾ? ಆಗ ಹಿಡಿಯೇ ಇರಲಿಲ್ಲ. ಅರಸರ ಕಾಲದ್ದಾ? ಆಗ ಅದು ಕಳಸದ ಮುಂದೆ ನಡೆದಿರಲಿಲ್ಲ. ಚೂಪು ತುದಿ, ಪೂರ್ತಿ ಬುಟ್ಟಿ, ಫಳಫಳ ನಿಕ್ಕಲ್ ಮೂರೂ ಒಟ್ಟಿಗಿದ್ದ ಕಾಲವೇ ಇಲ್ಲ. ನೀವು ಮಾಡಹೊರಟಿರುವುದು ಟಿ.ವಿ. ಧಾರಾವಾಹಿಯ ಕತ್ತಿ.

ಬಳಕೆ ಬದಲಾಗುವುದಕ್ಕೆ ನನ್ನ ತಕರಾರಿಲ್ಲ. ಮೈಸೂರಿನ ಪಟ್ಟದ ಕತ್ತಿಯನ್ನೇ ನೋಡಿ. 2013ರ ಡಿಸೆಂಬರಿನಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ತೀರಿಕೊಂಡರು, ಮುಂದಿನವರ ದತ್ತು ಇನ್ನೂ ಆಗಿರಲಿಲ್ಲ. 2014ರ ದಸರಾದ ಖಾಸಗಿ ದರ್ಬಾರಿನಲ್ಲಿ ಸಿಂಹಾಸನದ ಮೇಲೆ ಕತ್ತಿಯನ್ನೇ ಇಟ್ಟರು. ಹೊಡೆಯುವ ವಸ್ತು ಕೂರುವ ವಸ್ತುವಾಯಿತು! ಆದರೆ ಅದಕ್ಕಾಗಿ ಕತ್ತಿಯ ಮೈ ಉಜ್ಜಿ ಬೇರೆ ಮಾಡಬೇಕಾಗಲಿಲ್ಲ.

ಕುಲುಮೆ:
ನಾನು ಕೆಲಸದವನ ಮಾತು ಹೇಳುತ್ತೇನೆ. ಗೆಜ್ಜೆ ಕಟ್ಟಿದ್ದು ಸೇರಿಸಿದ್ದು. ತಾಮ್ರದ ಮೊಳೆ ಸೇರಿಸಿದ್ದು. ನಾಳೆ ಬೇಡವೆಂದರೆ ಬಿಚ್ಚಬಹುದು, ಅಲಗಿಗೆ ಏನೂ ಆಗುವುದಿಲ್ಲ. ಬಫ್ ಮಾಡಿದ್ದು ಹಾಗಲ್ಲ. ಹೋದದ್ದು ಹೋಯಿತು.

ಊರ ಹುಡುಗ:
ತುದಿ ಕೊಯ್ದದ್ದೂ ಹೋದದ್ದೇ ಅಲ್ಲವಾ? ಬುಟ್ಟಿ ಕೊಯ್ದದ್ದು? ಅದು ಸೇರಿಸಿದ್ದಾ?

ಕುಲುಮೆ:
ಬುಟ್ಟಿ, ಹೌದು, ಕೊಯ್ದದ್ದೇ. ಅರದಲ್ಲಿ ಉಜ್ಜಿದ ಗೀರು ಫೋಟೋದಲ್ಲೇ ಕಾಣುತ್ತದೆ. ಯಾಕೆ ಕೊಯ್ದರು ಎಂದು ಗುನಗರನ್ನು ಕೇಳಿ, ಅವರಿಗೆ ಗೊತ್ತಿರಬೇಕು. ಒಂದು ಕೈಯಲ್ಲಿ ಕತ್ತಿ, ಅದೇ ಕೈಯಲ್ಲಿ ಅಡಿಕೆ ಸಿಂಗಾರವೋ ಹೂವೋ ಹಿಡಿಯುತ್ತಾರಾ?

ತುದಿಯ ವಿಷಯದಲ್ಲಿ ನನಗೆ ಅನುಮಾನ. ಗಂಗಾವಳಿಯವರೇ, ತುದಿಯನ್ನು ಹತ್ತಿರದಿಂದ, ಬೆಳಕು ಅಡ್ಡ ಬೀಳುವ ಹಾಗೆ ಒಂದು ಫೋಟೋ ಹಾಕಿ. ಎರಡೂ ಬದಿ ಬೇಕು.

ಗಂಗಾವಳಿ ದಂಡೆ:
ಹಾಕಿದ್ದೇನೆ ನೋಡಿ. ತುದಿ ಸಮಾ ದುಂಡಗಿಲ್ಲ, ಓರೆಯಾಗಿದೆ. ಹಿಡಿದು ನಿಂತಾಗ ಎಡಕ್ಕೆ ಬರುವ ಬದಿ ಹೆಚ್ಚು ಸವೆದಿದೆ. ಮುಟ್ಟಿದರೆ ನುಣುಪು, ಅಂಚೇ ಸಿಗುವುದಿಲ್ಲ.

ಗುನಗರನ್ನೂ ಕೇಳಿದೆ. ಹಿಡಿಯ ಜೊತೆ ಸಿಂಗಾರದ ಗೊನೆ ಸೇರಿಸಿಯೇ ಹಿಡಿಯುವುದಂತೆ, ಪೂರ್ತಿ ಬುಟ್ಟಿಯಿದ್ದರೆ ಕೈ ಹಿಡಿಸುವುದಿಲ್ಲ. ಅವರ ಅಜ್ಜನ ಕಾಲಕ್ಕೂ ಹೀಗೇ ಇತ್ತಂತೆ.

ಕುಲುಮೆ:
ಅಂದುಕೊಂಡ ಹಾಗೇ ಇದೆ. ಉಳಿಯಿಟ್ಟು ಕಡಿದಿದ್ದರೆ ತುಟಿ ಎದ್ದಿರುತ್ತದೆ. ಅರ ಹಾಕಿದ್ದರೆ ಗೀರು ಸಾಲಾಗಿರುತ್ತದೆ. ಕುಲುಮೆಗೆ ಹಾಕಿ ಬಡಿದಿದ್ದರೆ ಆ ಭಾಗ ದಪ್ಪಗಾಗಿರುತ್ತದೆ. ಇಲ್ಲಿ ಮೂರೂ ಇಲ್ಲ. ಇದು ನೆಲಕ್ಕೆ ಊರಿ ಊರಿ ಸವೆದ ತುದಿ. ಕಳಸ ಕಟ್ಟೆಕಟ್ಟೆಗೆ ನಿಲ್ಲುತ್ತದಲ್ಲ, ನಿಂತಾಗ ಕತ್ತಿ ನೆಲಕ್ಕೆ ಊರುತ್ತಾರಾ?

ಶುರುವಿನಲ್ಲಿ ಒಂದಿಷ್ಟು ಮುರಿದಿರಬಹುದು, ಯಾರೋ ಮುರಿಸಿರಲೂಬಹುದು. ಅಲಗು ಕಿರಿದಾಗುತ್ತ ಬರುವ ರೀತಿ ನೋಡಿದರೆ ಮೂರು ನಾಲ್ಕು ಇಂಚು ಕಮ್ಮಿಯಾಗಿದೆ ಎಂದು ನನ್ನ ಅಂದಾಜು. ಆದರೆ ಈಗ ಕಾಣುತ್ತಿರುವ ಮೊಂಡು, ಗುನಗರ ಕೈಯದ್ದು.

ಸೋಂದೆ ಕಡೆಯವ:
ವಾಹ್. ನನ್ನ 1878ರ ಕಾಯ್ದೆಗಿಂತ ಇದು ಚೆನ್ನಾಗಿದೆ.

ಹಳೇ ಠಾಣೆ:
ನೆಲದ ಮೇಲಿನ ಗುರುತು ಓದುವವರು ಇಲಾಖೆಯಲ್ಲೂ ಇಷ್ಟು ಜನ ಇರಲಿಲ್ಲ.

ಊರ ಹುಡುಗ:
ಊರುತ್ತಾರೆ. ಏಳು ಕಟ್ಟೆ, ಪ್ರತಿ ಕಟ್ಟೆಗೂ. ಎಡಕ್ಕೆ ವಾಲಿಸಿಯೇ ನಿಲ್ಲುವುದು, ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಇದನ್ನು ಹೀಗೆ ಯೋಚಿಸಿರಲಿಲ್ಲ.

ಆದರೂ ನಾನು ಕೇಳಿದ್ದಕ್ಕೆ ಉತ್ತರ ಬಂದಿಲ್ಲ. ಅವರು ಬಳಸಿ ಸವೆಸಿದರು, ಅದು ಪುಣ್ಯ. ನಾವು ಚೆಂದ ಮಾಡಿದರೆ ಪಾಪ ಯಾಕೆ?

ಕಾಳಿ ತೀರ:
ಪಾಪ ಎಂದು ನಾನಂತೂ ಹೇಳಿಲ್ಲ. ನನ್ನ ಮಾತು ಇಷ್ಟೇ: ಹಬ್ಬದಲ್ಲಿ ಹಿಡಿಯಿರಿ, ನೆಲಕ್ಕೆ ಊರಿ, ಇನ್ನೂ ನೂರು ವರ್ಷ ಸವೆಯಲಿ. ಕತ್ತಿಯನ್ನು ಗಾಜಿನ ಪೆಟ್ಟಿಗೆಗೆ ಹಾಕಿ ಎಂದು ಹೇಳುವವಳು ನಾನಲ್ಲ. ನಮ್ಮ ಕಾರವಾರದ ಕಡಲತೀರದಲ್ಲಿ 2006ರಿಂದ ಚಪಲ್ ಎಂಬ ಕ್ಷಿಪಣಿ ದೋಣಿ ಮರಳ ಮೇಲೆ ನಿಂತಿದೆ, ಮಕ್ಕಳು ಹತ್ತಿ ಇಳಿಯುತ್ತಾರೆ, ಕಲಿಯುತ್ತಾರೆ, ಒಳ್ಳೆಯದೇ. ಆದರೆ ಅದರ ಕೆಲಸ ಮುಗಿದಿದೆ. ನಿಮ್ಮ ಕತ್ತಿಗೆ ಇನ್ನೂ ಕೆಲಸ ಇದೆ. ಕೆಲಸ ಇರುವ ವಸ್ತುವಿನ ಮೇಲೆ ಆ ಕೆಲಸದ ಗುರುತು ಇರುತ್ತದೆ, ಅದನ್ನು ಒರೆಸಿ ಷೋಕೇಸಿನ ಹೊಳಪು ಕೊಡುವುದು ಯಾರಿಗಾಗಿ? ಮುಂಬೈಯಿಂದ ವೀಡಿಯೋ ನೋಡುವವರಿಗಾಗಿ ತಾನೇ?

ಊರ ಹುಡುಗ:
ಅದು ಸ್ವಲ್ಪ ಚುಚ್ಚಿತು ಮೇಡಂ. ಗುಡಿಗೆ ಕಲ್ಲು ಬಂದದ್ದು ಆ ಮುಂಬೈಯವರ ದುಡ್ಡಿನಲ್ಲೇ. ಅವರಿಗೂ ಊರಿನ ಮೇಲೆ ಹಕ್ಕಿದೆ.

ಕಾಳಿ ತೀರ:
ಹಕ್ಕಿದೆ, ಒಪ್ಪುತ್ತೇನೆ. ಅವರಿಗೆ ತುದಿಯ ಫೋಟೋ ಕಳಿಸಿ, ಆಚಾರಿಯವರು ಬರೆದದ್ದನ್ನೂ ಕಳಿಸಿ. ಅದನ್ನು ಓದಿದ ಮೇಲೂ ನಿಕ್ಕಲ್ ಬೇಕೆಂದರೆ ಆಮೇಲೆ ಜಗಳ ಮಾಡೋಣ.

ಸೋಂದೆ ಕಡೆಯವ:
ಒಂದು ದಾರಿ ಇದೆ. ಶೋಭೆ ಬೇಕು ಎಂದಾದರೆ ಹೊಸದಾಗಿ ಸೇರಿಸಿ, ಹಳೆಯದನ್ನು ಕೆರೆಯಬೇಡಿ. ಕತ್ತಿ ಇಡಲು ಹಲಸಿನ ಮರದ ಪೀಠ, ಅದಕ್ಕೆ ಹಿತ್ತಾಳೆಯದೋ ಬೆಳ್ಳಿಯದೋ ಪ್ರಭಾವಳಿ. ದಾನಿಗಳ ಹೆಸರು ಅದರ ಮೇಲೆ ಕೊರೆಸಿ. ಹೆಸರು ಇಲ್ಲದೆ ದುಡ್ಡು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ನಾಚಿಕೆ ಯಾಕೆ?

ಕುಲುಮೆ:
ಪೀಠ ಮಾಡಿಸುವುದಾದರೆ ಲೋಹಕ್ಕೆ ಲೋಹ ತಾಗುವಂತೆ ಮಾಡಿಸಬೇಡಿ, ನಡುವೆ ಮರ ಇರಲಿ. ಹಿತ್ತಾಳೆ, ಕಬ್ಬಿಣ ಎರಡೂ ಉಪ್ಪು ಗಾಳಿಯಲ್ಲಿ ಒಟ್ಟಿಗಿದ್ದರೆ ಕಬ್ಬಿಣ ಬೇಗ ತಿನ್ನಿಸಿಕೊಳ್ಳುತ್ತದೆ. ಗೆಜ್ಜೆಯ ಉಂಗುರದ ಬುಡವನ್ನೂ ಒಮ್ಮೆ ನೋಡಿ, ಅಲ್ಲಿ ಕಿತ್ತಳೆ ಪುಡಿ ಇದ್ದೇ ಇರುತ್ತದೆ.

ಅಳತೆಗೆ ಕತ್ತಿಯನ್ನೇ ತರಬೇಡಿ. ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಸುತ್ತ ಗೀಟೆಳೆದು ತನ್ನಿ, ಸಾಕು.

ಹಳೇ ಠಾಣೆ:
ಹೌದು, ಕತ್ತಿ ಹಿಡಿದು ಕುಮಟಾ ಬಸ್ಸು ಹತ್ತಿದರೆ ಕಂಡಕ್ಟರನಿಗೆ ಇತಿಹಾಸ ಹೇಳುತ್ತ ಕೂರಬೇಕಾದೀತು. ಮೆರವಣಿಗೆಯ ಮೊದಲು ಠಾಣೆಗೆ ಒಂದು ಅರ್ಜಿ ಕೊಟ್ಟಿಡಿ. ಕತ್ತಿಯ ಉದ್ದ, ಗುರುತು, ನಾಲ್ಕು ಫೋಟೋ ಸೇರಿಸಿ. ನಾಳೆ ಕಳುವಾದರೂ ಅದೇ ದಾಖಲೆ ಕೆಲಸಕ್ಕೆ ಬರುತ್ತದೆ. ಈ ಚರ್ಚೆಯಲ್ಲಿ ಊರಿನ ಹೆಸರು ಹಾಕದಿದ್ದದ್ದು ಒಳ್ಳೆಯದಾಯಿತು, ಮೇಲೆ ದುಬೈ ಪಾರ್ಟಿ ಇನ್ನೂ ಓದುತ್ತಿರಬಹುದು.

ಗಂಗಾವಳಿ ದಂಡೆ:
ಭಾನುವಾರ ಸಭೆ ಇದೆ. ತುದಿಯ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋಗುತ್ತೇನೆ. ಇನ್ನೊಂದು ವಿಷಯ ಉಳಿಯಿತು. ಪುನಃಪ್ರತಿಷ್ಠೆಯ ದಿನ ಎಲ್ಲ ಆಯುಧ, ಆಭರಣಗಳಿಗೆ ಪಂಚಾಮೃತದ ಅಭಿಷೇಕ ಎಂದು ಪಟ್ಟಿಯಲ್ಲಿದೆ. ಇಷ್ಟು ವರ್ಷ ಕತ್ತಿಗೆ ಕುಂಕುಮ, ಹೂವು ಬಿಟ್ಟು ಬೇರೇನೂ ಇರಲಿಲ್ಲ.

ಕಾಳಿ ತೀರ:
ಮೊಸರಿನಲ್ಲಿ ಆಮ್ಲ, ಜೇನು ಸಕ್ಕರೆಯಲ್ಲಿ ಅಂಟು ಮತ್ತು ತೇವ, ಮೇಲಿಂದ ಎಳನೀರು ಬೇರೆ ಇದ್ದರೆ ಅದರ ಲವಣ. ತೋಡಿನ ಒಳಗೂ ಹಿಡಿಯ ನಾಲಿಗೆಯ ಸಂದಿಗೂ ಇಳಿದರೆ ಒರೆಸಿ ತೆಗೆಯಲಾಗುವುದಿಲ್ಲ. ಒಂದು ಹೂವಿನಿಂದ ತುದಿಗೆ ಪ್ರೋಕ್ಷಣೆ ಮಾಡಿ, ಅಭಿಷೇಕದ ಪಾತ್ರೆಯನ್ನು ಪಕ್ಕದಲ್ಲಿಟ್ಟು ಮಂತ್ರ ಹೇಳಿದರೆ ಆಗುವುದಿಲ್ಲವೇ?

ಊರ ಹುಡುಗ:
ನಿಕ್ಕಲ್ ವಿಷಯ ನಾನು ಸಭೆಯಲ್ಲಿ ಮತ್ತೆ ಎತ್ತುವುದಿಲ್ಲ. ಪ್ರಭಾವಳಿಗೆ ಮುಂಬೈಯವರನ್ನು ಒಪ್ಪಿಸುವುದು ನನಗಿರಲಿ. ತಿಂಗಳಿಗೊಮ್ಮೆ ಎಣ್ಣೆ ಒರೆಸುವ ಕೆಲಸ ನಿಮ್ಮ ಮನೆಯದ್ದು ಎಂದು ಠರಾವಿನಲ್ಲಿ ಬರೆಸುತ್ತೇನೆ, ಆಮೇಲೆ ಮರೆತೆವು ಎನ್ನಬಾರದು.

ಪಂಚಾಮೃತದ ವಿಷಯ ಮಾತ್ರ ಭಟ್ಟರ ಹತ್ತಿರ ನೀವೇ ಮಾತಾಡಿ ಅಣ್ಣಾ. ನಾನು ಹೇಳುವುದಿಲ್ಲ.